ಮನೆ–ಮನ: ನೆಲಕ್ಕೊಂದು ಜಮಖಾನ



ಹೋದ ಸಂಚಿಕೆಯಲ್ಲಿ ಅಡಿಗೆಮನೆಯ ಕಪಾಟುಗಳ ವಿಚಾರ ಬರೆದ ಮೇಲೆ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಕೇಳಿವೆ. "ಬಾಡಿಗೆಯ ಎರಡು ಕೋಣೆಗಳ ಮನೆ, ಗೋಡೆಗೆ ಮೊಳೆ ಹೊಡೆಯಲು ಮಾಲೀಕರ ಅಪ್ಪಣೆಯಿಲ್ಲ, ಕೂಸು ಬೇರೆ ತೆವಳತೊಡಗಿದೆ. ಇಂಥ ಮನೆಯನ್ನು ಸಿಂಗರಿಸುವುದೆಂತು?" ಪ್ರಶ್ನೆ ನ್ಯಾಯವಾದುದೇ. ಊರು ಬಿಟ್ಟು ಬಂದ ನಮ್ಮಂಥವರಿಗೆ ಗೋಡೆ ಮಾಲೀಕರದು, ಚಾವಣಿ ಮೇಲಿನ ಮನೆಯವರದು. ನಮ್ಮ ಪಾಲಿಗೆ ಉಳಿಯುವುದು ನೆಲವೊಂದೇ. ಆದುದರಿಂದ ಸಿಂಗಾರವನ್ನು ನೆಲದಿಂದಲೇ ಆರಂಭಿಸೋಣ ಎಂಬುದು ಈ ಸಲದ ನನ್ನ ಸೂಚನೆ.

ಸೋಫಾ, ಗಾಜಿನ ಮೇಜು ಇವೆಲ್ಲ ಸೊಗಸಾದ ಸಾಮಾನುಗಳೇ ಸರಿ. ಆದರೆ ಮೂರು ವರ್ಷಕ್ಕೊಮ್ಮೆ ವರ್ಗದ ಆಜ್ಞೆಯನ್ನು ಎದುರು ನೋಡುವ ಗುಮಾಸ್ತನ ಮನೆಯಲ್ಲಿ ಅವು ಎರಡನೆಯ ಊರಿಗೆ ಹೋಗುವಷ್ಟರಲ್ಲಿ ಒಂದು ಕಾಲನ್ನು ಕಳೆದುಕೊಂಡಿರುತ್ತವೆ. ಜಮಖಾನಕ್ಕೆ ಈ ಭಯವಿಲ್ಲ. ಮಡಿಸಿದರೆ ಹಾಸಿಗೆಯ ಸುರುಳಿಯೊಳಗೆ ಅಡಗುತ್ತದೆ, ಬಿಚ್ಚಿದರೆ ಬೈಠಕ್ಕಾಗುತ್ತದೆ. ನೆಂಟರು ಬಂದರೆ ಪಂಕ್ತಿಗೂ ಆದೀತು, ರಾತ್ರಿ ಮಲಗಲಿಕ್ಕೂ ಆದೀತು. ಇಷ್ಟು ಕೆಲಸಗಳನ್ನು ಮಾಡುವ ಕುರ್ಚಿಯನ್ನು ನಾನಂತೂ ಕಂಡಿಲ್ಲ.

ಈ ವಸ್ತುವಿನ ಹೆಸರೂ ನಮ್ಮ ಹಾಗೆಯೇ ಊರೂರು ತಿರುಗಿದೆ. ನಮ್ಮಲ್ಲಿ ಜಮಖಾನ, ಮದರಾಸಿನ ನಮ್ಮ ಬಂಧುಗಳ ನೆರೆಯಲ್ಲಿ ಜಮಕ್ಕಾಳಂ, ಹೈದರಾಬಾದಿನ ತೆಲುಗು ಮನೆಗಳಲ್ಲಿ ಜಂಪಖಾನಾ, ದಿಲ್ಲಿಗೆ ಹೋದರೆ ದರಿ. ಈರೋಡ್ ಜಿಲ್ಲೆಯ ಭವಾನಿಯದು ಅಗಲವಾದ ಬಣ್ಣದ ಪಟ್ಟೆಗಳ ಜಮಖಾನ. ವಾರಂಗಲ್ಲಿನ ದರಿಗಳಿಗೆ 2018ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಎಂದರೆ ಆ ಊರಿನ ಹೆಸರನ್ನು ಬೇರೆ ಕಡೆಯ ಮಾಲಿಗೆ ಅಂಟಿಸಿ ಮಾರುವುದು ಕಾನೂನಿಗೆ ವಿರೋಧ. ಇದ್ದ ಊರಿನ ನೇಯ್ಗೆಯನ್ನು ಕೊಳ್ಳುವುದೂ ಒಳ್ಳೆಯ ನೆರೆಹೊರೆಯ ಲಕ್ಷಣವೇ.

ಆದರೆ ಕನ್ನಡಿಗರ ಮನೆಯಲ್ಲಿ ಒಂದಾದರೂ ಇರಬೇಕಾದುದು ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ. ಇದಕ್ಕೂ 2011ರಲ್ಲಿ ಅದೇ ಮನ್ನಣೆ ದೊರೆತಿದೆ. ಆದಿಲಶಾಹಿಯ ಕಾಲದಲ್ಲಿ ಬಿಜಾಪುರದಿಂದ ಬಂದು ನೆಲೆಸಿದ ನೇಕಾರರು ಈ ಕಸುಬನ್ನು ತಂದರೆಂದು ಹೇಳುತ್ತಾರೆ. ಅವರೂ ಒಂದು ವಿಧದಲ್ಲಿ ನಮ್ಮ ಹಾಗೆ ವಲಸೆ ಬಂದವರೇ ಅನ್ನಿ! ನೇಯುವವರು ಮುಸಲ್ಮಾನ ಮನೆತನಗಳ ಹೆಂಗಸರು. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಹಾಸಿನ ಎಳೆಗಳನ್ನು ಎಣಿಸುತ್ತ, ಬಣ್ಣದ ಹೊಕ್ಕನ್ನು ಕೈಯಿಂದಲೇ ತೂರಿಸಿ, ಹಣಿಗೆಯಂಥ ಪಂಜದಿಂದ ಬಡಿದು ಬಿಗಿ ಮಾಡುತ್ತಾರೆ. ಹೊಕ್ಕು ಹಾಸನ್ನು ಪೂರ್ತಿ ಮುಚ್ಚಿಬಿಡುವುದರಿಂದ ಬಟ್ಟೆ ದಪ್ಪನಾಗಿ, ಗಟ್ಟಿಯಾಗಿ ಬರುತ್ತದೆ. ನವಿಲು, ಪಗಡೆಯ ಹಾಸು, ಗೆರೆ–ಕೋನಗಳ ಚಿತ್ತಾರ ಇದರ ಗುರುತು. ನಮಾಜಿಗೆ ಬೇಕಾದ ಚಿಕ್ಕ ಹಾಸನ್ನೂ ಇದೇ ಮಗ್ಗಗಳಲ್ಲಿ ನೇಯುತ್ತಾರೆ.

ಈಗ ನೇಯುವ ಕೈಗಳು ಬಹಳ ಕಡಮೆಯಾಗಿವೆ. ಒಂದು ಜಮಖಾನಕ್ಕೆ ದಿನಗಟ್ಟಲೆ ಬೆನ್ನು ಬಾಗಿಸಬೇಕು; ಯಂತ್ರದ ಮಾಲು ಅದರ ಅರ್ಧ ಬೆಲೆಗೆ ಮೂಲೆಯಂಗಡಿಯಲ್ಲಿ ಸಿಗುತ್ತದೆ. ತಾಯಿಯ ಬೆನ್ನುನೋವನ್ನು ನೋಡಿ ಬೆಳೆದ ಮಗಳು ಬೇರೆ ಕೆಲಸ ಹುಡುಕಿದರೆ ಅವಳನ್ನು ದೂರುವ ಹಾಗಿಲ್ಲ. ಕಾನೂನಿನ ಮನ್ನಣೆ ಹೆಸರನ್ನು ಕಾಯಬಲ್ಲದು. ಮಗ್ಗವನ್ನು ಕಾಯುವವನು ಕೊಳ್ಳುವ ಗಿರಾಕಿ ಮಾತ್ರ. ಕನಿಕರದಿಂದ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಬಾಳಿಕೆಯ ಲೆಕ್ಕ ಹಾಕಿಯೇ ಕೊಳ್ಳಿರಿ. ಎರಡು ವರ್ಷಕ್ಕೊಂದರಂತೆ ಹಾಳಾಗುವ ಅಗ್ಗದ ಹಾಸುಗಳ ಬೆಲೆಯನ್ನು ಕೂಡಿಸಿ ನೋಡಿದರೆ ಜಾಣ ಗೃಹಿಣಿಗೆ ಉತ್ತರ ಹೊಳೆಯುತ್ತದೆ.

ಕೊಳ್ಳುವಾಗ ನಾಲ್ಕು ಮಾತು ನೆನಪಿರಲಿ. ಮೊದಲು ತಿರುಗಿಸಿ ನೋಡಿರಿ. ಕೈನೇಯ್ಗೆಯ ಜಮಖಾನದ ಚಿತ್ತಾರ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿರುತ್ತದೆ. ಅಚ್ಚು ಹಾಕಿದ್ದರೆ ಹಿಂಬದಿ ಮಸುಕಾಗಿರುತ್ತದೆ. ಎರಡನೆಯದಾಗಿ, ಒದ್ದೆಯಾದ ಬಿಳಿಯ ಬಟ್ಟೆಯಿಂದ ಒಂದು ಮೂಲೆಯನ್ನು ಉಜ್ಜಿರಿ. ಬಣ್ಣ ಬಿಟ್ಟರೆ ಬೇಡ. ಮೂರನೆಯದಾಗಿ, ನಡುವೆ ಮಡಿಸಿ ಅಂಚಿಗೆ ಅಂಚು ಕೂಡಿಸಿರಿ; ತೀರ ಸೊಟ್ಟಗಿದ್ದರೆ ನೆಲದ ಮೇಲೆ ಸಮನಾಗಿ ಕೂರದು. ಕೊನೆಯದಾಗಿ, ಅಂಗಡಿಗೆ ಹೋಗುವ ಮೊದಲೇ ಮನೆಯ ನೆಲದ ಮೇಲೆ ಹಳೆಯ ವೃತ್ತಪತ್ರಿಕೆಗಳನ್ನು ಹರಡಿ ಅಳತೆಯನ್ನು ನಿಶ್ಚಯಿಸಿರಿ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ಆರಕ್ಕೆ ಒಂಬತ್ತು ಅಡಿಯದು ಧಾರಾಳವಾಯಿತು. ಗೋಡೆಯ ಸುತ್ತ ಬರಿ ನೆಲ ಕಂಡರೆ ಕೋಣೆ ದೊಡ್ಡದಾಗಿ ತೋರುತ್ತದೆ. ಜಮಖಾನದಲ್ಲಿ ಚಿತ್ತಾರ ತುಂಬಿದ್ದರೆ ಪರದೆಯೂ ದಿಂಬೂ ಒಂದೇ ಬಣ್ಣದವಾಗಿರಲಿ. ಮೂರೂ ಕೂಡಿ ಮಾತಾಡಿದರೆ ಜಾತ್ರೆಯಾಗುತ್ತದೆ.

ಇನ್ನು ಕೂಸಿನ ಮೂಲೆ. ತೆವಳುವ ಮಗುವಿಗೆ ಉದ್ದ ಜುಂಗಿನ ಹಾಸು ತರಬೇಡಿರಿ. ಧೂಳೂ ಬಿಸ್ಕತ್ತಿನ ಚೂರೂ ಅದರಲ್ಲಿ ಸೇರಿ ಕೂರುತ್ತವೆ. ಹತ್ತಿಯ ಜಮಖಾನವೇ ಲೇಸು, ಕೊಡವಿದರೆ ಶುಚಿ. ಅದರ ಮೇಲೆ ಅಜ್ಜಿಯ ಹಳೆಯ ಇಳಕಲ್ ಸೀರೆಗಳಿಂದ ಹೊಲಿದ ಕೌದಿಯೊಂದಿದ್ದರೆ ಮೆತ್ತಗೂ ಆಯಿತು. ಆದರೆ ಕೂಸು ನಿದ್ದೆ ಹೋಗುವಾಗ ಕೌದಿ, ದಿಂಬುಗಳನ್ನು ಪಕ್ಕದಲ್ಲಿ ಸಡಿಲವಾಗಿ ಬಿಡಬೇಡಿರಿ. ಮುಖ ಮುಚ್ಚಿ ಉಸಿರು ಕಟ್ಟುವ ಅಪಾಯವುಂಟು. ಜಮಖಾನದ ಕುಚ್ಚುಗಳನ್ನು ಒಳಕ್ಕೆ ಮಡಿಸಿ ಹೊಲಿಯಿರಿ, ಬಾಯಿಗೆ ಹೋಗುವ ಮೊದಲ ವಸ್ತು ಅವೇ. ನುಣುಪಾದ ಟೈಲ್ಸ್ ನೆಲವಾದರೆ ಅಡಿಗೆ ರಬ್ಬರಿನ ಜಾಲರಿ ಹಾಕಿರಿ. ಚನ್ನಪಟ್ಟಣದ ನಾಲ್ಕು ಮರದ ಆಟಿಗೆಗಳು, ಕೈಗೂಡಿದರೆ ಕಲಘಟಗಿಯ ಬಣ್ಣದ ತೊಟ್ಟಿಲು, ಇಷ್ಟಿದ್ದರೆ ಕೂಸಿನ ಕೋಣೆ ರಾಜಕುಮಾರನದೇ.

ಇದರಲ್ಲಿ ಸಿಂಗಾರಕ್ಕಿಂತ ಹೆಚ್ಚಿನ ಮಾತೊಂದಿದೆ. ಪುಣೆಯಲ್ಲಿ ನಮ್ಮ ನಾಲ್ಕು ವರ್ಷದ ಮಗಳಿಗೆ ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಕಲಿಸಲು ಪುಸ್ತಕ ತೆರೆದರೆ ಓಡುತ್ತಾಳೆ. ಆದರೆ ಜಮಖಾನದ ಮೇಲೆ ಕುಳಿತು ಒಂದು ನವಿಲು, ಎರಡು ನವಿಲು ಎಂದು ಎಣಿಸುವಾಗ ಬೇರೆ ಭಾಷೆಯ ಹಂಗಿಲ್ಲ. ಪಟ್ಟೆ, ಅಂಚು, ಕುಚ್ಚು, ಮಡಿಸು, ಕೊಡವು, ಹಾಸು — ಇವು ಪಾಠದಿಂದ ಬಂದ ಮಾತುಗಳಲ್ಲ, ಕೈಯಾಡಿಸಿ ಬಂದವು. ಮನೆಯಿಂದ ವಸ್ತು ಹೋದರೆ ಅದರ ಹೆಸರೂ ಹೋಗುತ್ತದೆ. ಕೌದಿಯನ್ನೇ ಕಾಣದ ಮಗುವಿಗೆ ಕೌದಿ ಎಂಬ ಮಾತನ್ನು ಹೇಗೆ ಉಳಿಸಿಕೊಡುವುದು? ನಾವು ಸಂಘ ಕಟ್ಟಿ ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡುತ್ತೇವೆ, ಒಳ್ಳೆಯದು. ಉಳಿದ ದಿನಗಳಲ್ಲಿ ಕನ್ನಡವು ಕೂರಲಿಕ್ಕೆ ಒಂದು ಹಾಸು ಬೇಡವೇ?

ಆರೈಕೆ ಬಹಳವೇನಿಲ್ಲ. ವಾರಕ್ಕೊಮ್ಮೆ ಕೊಡವಿರಿ. ತಿಂಗಳಿಗೊಮ್ಮೆ ಎಳೆಬಿಸಿಲಿನಲ್ಲಿ ಹರವಿರಿ. ಸುಡುಬಿಸಿಲು ಬಣ್ಣವನ್ನು ತಿನ್ನುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬಿಡದೆ ಸುತ್ತಿ ಎತ್ತಿಡಿರಿ. ಎಣ್ಣೆ ಚೆಲ್ಲಿದರೆ ಒರೆಸದೆ ಮೊದಲು ಕಡಲೆಹಿಟ್ಟು ಉದುರಿಸಿ ಹೀರಲು ಬಿಡಿರಿ. ಬೆಂಗಳೂರಿಗೆ ಹೋದಾಗ ಸರಕಾರದ ಕಾವೇರಿ ಮಳಿಗೆಯಲ್ಲಿ ವಿಚಾರಿಸಬಹುದು. ಹುಬ್ಬಳ್ಳಿ–ಧಾರವಾಡದ ಕಡೆ ನೆಂಟರಿದ್ದವರು ನವಲಗುಂದಕ್ಕೇ ಹೋಗಿ ನೇಯ್ದವರ ಕೈಯಿಂದ ಕೊಂಡರೆ ಇನ್ನೂ ಲೇಸು.

ಒಂದೇ ಕಡೆ ತುಳಿದು ಸವೆಯದಂತೆ ಜಮಖಾನದ ತಲೆ–ಬುಡವನ್ನು ಮೂರು ತಿಂಗಳಿಗೊಮ್ಮೆ ಅದಲುಬದಲು ಮಾಡಬೇಕು. ನಮ್ಮ ಪತ್ರಿಕೆ ಕೈಸೇರಿದ ದಿನವೇ ಆ ಕೆಲಸವನ್ನು ಮುಗಿಸಿದರೆ ಮರೆಯುವ ಭಯವಿಲ್ಲ. ಮುಂದಿನ ಸಲ ಹಳೆಯ ಪೆಟ್ಟಿಗೆ, ಟ್ರಂಕುಗಳನ್ನು ಆಸನವಾಗಿಸುವ ಬಗೆಯನ್ನು ನೋಡೋಣ.