ನೆಲವೇ ಡೊಂಕಾಗಿರುವಾಗ

'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂಬ ಗಾದೆಯನ್ನು ನನ್ನ ತರಗತಿಯಲ್ಲಿ ಕುಳಿತಿದ್ದ ನೀವೆಲ್ಲರೂ ಒಮ್ಮೆಯಾದರೂ ವಿಸ್ತರಿಸಿ ಬರೆದಿದ್ದೀರಿ. 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂಬ ಸಿದ್ಧವಾಕ್ಯದಿಂದ ಆರಂಭಿಸಿ, ತನ್ನ ದೋಷವನ್ನು ಪರರ ಮೇಲೆ ಹೊರಿಸುವುದು ಮನುಷ್ಯಸ್ವಭಾವ ಎಂದು ಮುಗಿಸುತ್ತಿದ್ದಿರಿ. ಅಷ್ಟು ವರ್ಷಗಳಲ್ಲಿ ಒಬ್ಬ ಹುಡುಗನಾಗಲಿ ಹುಡುಗಿಯಾಗಲಿ ಎದ್ದು ನಿಂತು, "ಸಾರ್, ನೆಲ ನಿಜವಾಗಿಯೂ ಡೊಂಕಾಗಿದ್ದರೆ ಏನು ಮಾಡುವುದು?" ಎಂದು ಕೇಳಲಿಲ್ಲ. ಆ ಪ್ರಶ್ನೆಯನ್ನು ಇಂದು ನಾನೇ ಕೇಳುತ್ತಿದ್ದೇನೆ.

ನಮ್ಮ ಭಾಷೆಯೇ ಈ ವಿಷಯದಲ್ಲಿ ಬಿದ್ದವರ ಪರವಾಗಿಲ್ಲ. 'ಬೀಳು' ಅಕರ್ಮಕ ಧಾತು. ಬೀಳಿಸಿದವರು ಯಾರೆಂದು ಅದು ಹೇಳುವುದಿಲ್ಲ. ಪತ್ರಿಕೆಯಲ್ಲಿ ನೋಡಿ: 'ಕಾಲು ಜಾರಿ ಬಿದ್ದು ವೃದ್ಧೆಗೆ ಗಾಯ'. ಜಾರಿದ್ದು ಕಾಲು, ಜಾರಿಸಿದ ನೆಲದ ಸುದ್ದಿಯೇ ಇಲ್ಲ. 'ಕಾಲು ಜಾರಿತು' ಎಂಬ ಮಾತಿಗೆ ಶೀಲಗೆಟ್ಟರು ಎಂಬ ಅರ್ಥವೂ ಇದೆಯಷ್ಟೆ! ಬಿದ್ದವಳು ಮೂಳೆಯೊಂದಿಗೆ ಮರ್ಯಾದೆಯನ್ನೂ ಕಳೆದುಕೊಳ್ಳುತ್ತಾಳೆ. ಯಾರಾದರೂ ನೋಡಿದರೇನೋ ಎಂದು ಸೆರಗು ಸರಿಪಡಿಸಿಕೊಂಡು, ನೋವನ್ನು ನುಂಗಿ, ಎದ್ದು ಹೋಗುವುದೇ ಸಭ್ಯತೆ ಎಂದು ನಾವು ಭಾವಿಸಿಕೊಂಡು ಬಂದಿದ್ದೇವೆ.

ನಮ್ಮ ಅಕ್ಕನಿಗೆ ಎದ್ದು ಹೋಗಲಾಗಲಿಲ್ಲ. 2024ರ ಆಷಾಢದಲ್ಲಿ, ಮೊಮ್ಮಗಳ ಮದುವೆಗೆಂದು ಸೀರೆ ಕೊಳ್ಳಲು ಜಿಲ್ಲಾ ಕೇಂದ್ರದ ಒಂದು ದೊಡ್ಡ ಜವಳಿ ಅಂಗಡಿಗೆ ಹೋಗಿದ್ದಳು. ಆಗ ಆಕೆಗೆ ಎಪ್ಪತ್ತನಾಲ್ಕು. ಆಷಾಢದ ರಿಯಾಯಿತಿಯ ಜನಸಂದಣಿ, ಹೊರಗೆ ಬಿಡದ ಮಳೆ. ಬಂದವರ ಕೊಡೆಗಳಿಂದ ತೊಟ್ಟಿಕ್ಕಿದ ನೀರು ಬಾಗಿಲಿನ ಮೆಟ್ಟಿಲುಗಳ ಮೇಲೆ ನಿಂತಿತ್ತು. ಮೆಟ್ಟಿಲುಗಳು ಕನ್ನಡಿಯಂತೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟಿನವು, ಹಿಡಿದುಕೊಳ್ಳಲು ಕಂಬಿಯಿಲ್ಲ. ನಾರಿನ ಹಾಸೊಂದು ಇತ್ತಂತೆ. ಕೆಸರಾಗಿ ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ಸುತ್ತಿ ಮೂಲೆಗೆ ನಿಲ್ಲಿಸಿದ್ದರು. ಹಣ ಕೊಟ್ಟು, ಬಿಲ್ಲನ್ನು ಕೈಚೀಲಕ್ಕೆ ಹಾಕಿಕೊಂಡು ಇಳಿಯುವಾಗ ಎರಡನೆಯ ಮೆಟ್ಟಿಲಿನಲ್ಲಿ ಬಿದ್ದಳು. ತೊಡೆಮೂಳೆಯ ಮೇಲ್ತುದಿ ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ಲೋಹದ ಕೀಲು ಕೂರಿಸಿದರು. ಮದುವೆಯ ದಿನ ಆಕೆ ಹಾಸಿಗೆಯಲ್ಲಿದ್ದಳು. ಮನೆಯ ಮುಂದೆ ಎಷ್ಟೋ ವರ್ಷ ತಾನೇ ರಂಗೋಲಿ ಹಾಕುತ್ತಿದ್ದವಳು ಈಗ ವಾಕರ್ ಹಿಡಿದು ಬಾಗಿಲವರೆಗೆ ಬಂದು, ಸೊಸೆ ಹಾಕಿದ ಚುಕ್ಕಿಗಳನ್ನು ಎಣಿಸಿ ಹೋಗುತ್ತಾಳೆ.

ಅಂಗಡಿಯವರು ಏನೂ ಮಾಡಲಿಲ್ಲವೆಂದು ಹೇಳಲಾರೆ. ಕುರ್ಚಿ ತಂದರು, ನಿಂಬೆಹಣ್ಣಿನ ಷರಬತ್ತು ಕೊಟ್ಟರು, ಆಟೋ ಹಿಡಿದು ಕೊಟ್ಟರು. ವಾರದ ನಂತರ ಹಣ್ಣಿನ ಬುಟ್ಟಿ ಬಂತು. ಆಸ್ಪತ್ರೆಯ ಖರ್ಚಿನ ಮಾತು ಬಂದಾಗ ಮಾತ್ರ, "ಅಮ್ಮನವರು ಸ್ವಲ್ಪ ನೋಡಿಕೊಂಡು ಇಳಿಯಬೇಕಿತ್ತು" ಎಂದರು.

ಆ ಮಾತಿಗಿಂತ ನನಗೆ ಹೆಚ್ಚು ನೋವಾದದ್ದು ಅದನ್ನೇ ನಮ್ಮವರ ಬಾಯಲ್ಲಿ ಕೇಳಿದಾಗ. ಎರಡು ವರ್ಷದ ಗಡುವು ಮುಗಿಯುವ ಮುನ್ನ ಅಕ್ಕ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಿದ್ದಾಳೆಂದು ತಿಳಿದೊಡನೆ ದೂರವಾಣಿ ಕರೆಗಳ ಸುರಿಮಳೆಯಾಯಿತು. ಗೊತ್ತಿರುವವರ ಅಂಗಡಿ, ಮೂರು ತಲೆಮಾರಿನ ವ್ಯವಹಾರ, ಈ ವಯಸ್ಸಿನಲ್ಲಿ ಕೋರ್ಟು ಕಚೇರಿಯೇ, ಹಣೆಯಲ್ಲಿ ಬರೆದದ್ದಕ್ಕೆ ಯಾರನ್ನು ದೂರಿ ಫಲವೇನು... ಹೀಗೆ. ವಿಚಾರಣೆ ಮುಗಿದಿಲ್ಲವಾದ್ದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಬಂಧುಗಳಿಗೆ ಉತ್ತರ ಕೊಡಬೇಕಾಗಿದೆ.

ಹಣೆಬರಹದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಗ್ರಾನೈಟು ಗಣಿಯಿಂದ ಹೊಳಪಿನೊಂದಿಗೆ ಬರುವುದಿಲ್ಲ. ಕಾಸು ಕೊಟ್ಟು ಹೊಳಪು ಹಾಕಿಸಬೇಕು. ಅದೇ ಕಲ್ಲನ್ನು ಬೆಂಕಿಯ ಜ್ವಾಲೆ ಹಾಯಿಸಿ ಒರಟು ಮಾಡಿಯೂ ಕೊಡುತ್ತಾರೆ. ಮೆಟ್ಟಿಲಿನ ಅಂಚಿಗೆ ಮೂರು ಗೀರು ಹೊಡೆಸಬಹುದು. ಜಾರದಂತಹ ಪಟ್ಟಿ ಅಂಟಿಸಬಹುದು. ಇವುಗಳಲ್ಲಿ ಯಾವುದನ್ನೂ ಮಾಡಿಸದಿರುವುದು ಒಬ್ಬರ ನಿರ್ಧಾರ, ಬ್ರಹ್ಮಲಿಖಿತವಲ್ಲ. ನಮ್ಮ ಹಿರಿಯರ ಮನೆಗಳಲ್ಲಿ ಒರಟು ಶಹಾಬಾದ್ ಕಲ್ಲಿತ್ತು, ಅಂಗಳಕ್ಕೆ ಉಳಿಪೆಟ್ಟಿನ ಗುರುತು ಮಾಸದ ಚಪ್ಪಡಿಯಿತ್ತು. ನೀರು ಬೀಳುವ ಕಡೆ ನುಣುಪು ಸಲ್ಲದೆಂಬುದನ್ನು ತಿಳಿಯಲು ಅವರು ಯಾವ ಎಂಜಿನಿಯರಿಂಗ್ ಕಾಲೇಜಿಗೂ ಹೋಗಿರಲಿಲ್ಲ.

ಎಂಜಿನಿಯರಿಂಗ್ ಕಾಲೇಜಿಗೆ ಹೋದವರಿಗಾದರೂ ಇದು ಲಿಖಿತವಾಗಿಯೇ ಇದೆ. ಮನೆಗಳನ್ನು ಬಿಟ್ಟು ಇತರ ಕಟ್ಟಡಗಳಲ್ಲಿ ಮೆಟ್ಟಿಲಿನ ಅಗಲ ಕನಿಷ್ಠ 300 ಮಿ.ಮೀ., ಎತ್ತರ ಗರಿಷ್ಠ 150 ಮಿ.ಮೀ. ಇರಬೇಕು, ಜಾರದಂತೆ ಅದನ್ನು ಕಟ್ಟಬೇಕು, ಹಾಗೆಯೇ ಉಳಿಸಿಕೊಳ್ಳಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. 'ಉಳಿಸಿಕೊಳ್ಳಬೇಕು' ಎಂಬ ಪದವನ್ನು ಗಮನಿಸಿ. ಉದ್ಘಾಟನೆಯ ದಿನ ಸರಿಯಿದ್ದರೆ ಸಾಲದು, ಆಷಾಢದ ಮಳೆಯಲ್ಲೂ ಸರಿಯಿರಬೇಕು. ಆದರೆ ಈ ಸಂಹಿತೆ ಶಿಫಾರಸು ಮಾತ್ರ. ಸ್ಥಳೀಯ ಸಂಸ್ಥೆಗಳು ತಮ್ಮ ಉಪವಿಧಿಗಳಲ್ಲಿ ಸೇರಿಸಿಕೊಂಡಷ್ಟೇ ಅದಕ್ಕೆ ಬಲ.

ಇನ್ನು 'ಗಿರಾಕಿ ಬಿದ್ದರೆ ಅಂಗಡಿಯವನೇಕೆ ತೆರಬೇಕು?' ಎಂಬ ಪ್ರಶ್ನೆ. ಇದು ಹೊಸದಲ್ಲ. 1866ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂತು. ಸಕ್ಕರೆ ಕಾರ್ಖಾನೆಯೊಂದಕ್ಕೆ ಗ್ಯಾಸ್ ಉಪಕರಣವನ್ನು ಪರೀಕ್ಷಿಸಲು ಹೋದ ಕೆಲಸಗಾರ, ಬೇಲಿಯಿಲ್ಲದ ಕಂಡಿಯೊಂದರಲ್ಲಿ ಕೆಳಗೆ ಬಿದ್ದ. ವ್ಯವಹಾರಕ್ಕಾಗಿ ಕರೆಸಿಕೊಂಡವರನ್ನು, ತನಗೆ ತಿಳಿದಿರುವ ಅಥವಾ ತಿಳಿದಿರಲೇಬೇಕಾದ ಅಪಾಯದಿಂದ ಕಾಪಾಡಲು ತಕ್ಕ ಎಚ್ಚರ ವಹಿಸುವುದು ಕಟ್ಟಡ ನಡೆಸುವವನ ಕರ್ತವ್ಯ ಎಂದು ನ್ಯಾಯಾಲಯ ಹೇಳಿತು. ಬಂದವನೂ ತನ್ನ ಪಾಲಿನ ಎಚ್ಚರ ವಹಿಸಬೇಕೆಂದೂ ಹೇಳಿತು; ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಆದರೆ ಎಚ್ಚರವೆಂಬುದು ಇಬ್ಬರಿಗೂ ಸೇರಿದ್ದು.

ನನಗೆ ಇದಕ್ಕಿಂತ ಹಿಡಿಸುವುದು 1976ರ ಮತ್ತೊಂದು ತೀರ್ಪು. ಲಿವರ್‌ಪೂಲ್ ನಗರದ ಟೆಸ್ಕೊ ಅಂಗಡಿಯಲ್ಲಿ ಒಬ್ಬ ಗೃಹಿಣಿ, ನೆಲದ ಮೇಲೆ ಚೆಲ್ಲಿದ್ದ ಮೊಸರಿನ ಮೇಲೆ ಕಾಲಿಟ್ಟು ಬಿದ್ದಳು. ಅದು ಚೆಲ್ಲಿ ಎಷ್ಟು ಹೊತ್ತಾಗಿತ್ತೆಂಬುದು ಆಕೆಗೆ ಗೊತ್ತಿಲ್ಲ, ಗೊತ್ತಿರುವುದೂ ಸಾಧ್ಯವಿಲ್ಲ. 'ಹಾಗಿದ್ದರೆ ಋಜುವಾತು ಎಲ್ಲಿ?' ಎಂಬುದು ಅಂಗಡಿಯ ವಾದ. ಮೇಲ್ಮನವಿ ನ್ಯಾಯಾಲಯದ ಬಹುಮತ ಅದನ್ನು ಒಪ್ಪಲಿಲ್ಲ. ನೆಲ ನಿಮ್ಮದು, ಗುಡಿಸುವವರು ನಿಮ್ಮವರು. ಸರಿಯಾದ ವ್ಯವಸ್ಥೆ ಇಟ್ಟಿದ್ದೆವೆಂದು ನೀವೇ ತೋರಿಸಿ ಎಂಬುದು ಆ ತೀರ್ಪಿನ ತಾತ್ಪರ್ಯ. ಅಪಘಾತವಾಗಿ ಮೂರು ವಾರದ ಮೇಲೆ ಅದೇ ಅಂಗಡಿಗೆ ಹೋದಾಗ, ಕಿತ್ತಳೆ ರಸ ಚೆಲ್ಲಿ ಕಾಲು ಗಂಟೆಯಾದರೂ ಯಾರೂ ಒರೆಸದಿದ್ದುದನ್ನು ಆಕೆ ಕಂಡಿದ್ದಳು! ಆಕೆಗೆ ದೊರೆತ ಪರಿಹಾರ ನೂರಮೂವತ್ತೇಳೂವರೆ ಪೌಂಡು. 'ಇದೆಲ್ಲ ಅಮೆರಿಕದ ಹುಚ್ಚು, ಬಿದ್ದು ಕೋಟಿ ಗಳಿಸುವ ದಂಧೆ' ಎಂದು ಬರೆದ ನನ್ನ ನ್ಯೂಜೆರ್ಸಿಯ ಸೋದರಳಿಯನಿಗೆ ಈ ಅಂಕಿಯನ್ನು ಅರ್ಪಿಸುತ್ತೇನೆ. ಅಕ್ಕ ಕೇಳಿರುವುದು ಆಸ್ಪತ್ರೆಯ ಬಿಲ್ಲು, ಮನೆಗೆ ಬಂದು ವ್ಯಾಯಾಮ ಮಾಡಿಸುವವರ ಸಂಬಳ, ಜೊತೆಗೆ ನೋವಿಗೆ ಆಯೋಗಕ್ಕೆ ಉಚಿತವೆನಿಸಿದ್ದು. ಇದರಲ್ಲಿ ದುರಾಸೆ ಎಲ್ಲಿದೆಯೋ ತೋರಿಸಿ.

ಇಂಗ್ಲೆಂಡು 1957ರಲ್ಲಿಯೇ ಈ ಹೊಣೆಯನ್ನು ಒಂದು ಕಾಯಿದೆಯಾಗಿ ಬರೆದುಕೊಂಡಿತು. ನಮ್ಮಲ್ಲಿ ಅಂತಹ ಪ್ರತ್ಯೇಕ ಕಾಯಿದೆಯಿಲ್ಲ. ಹಳೆಯ ತೀರ್ಪುಗಳ ಆಧಾರದ ಮೇಲೆ ವಾದಿಸಬೇಕು. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ, 1966ರಲ್ಲಿ ಸುಪ್ರೀಂ ಕೋರ್ಟು ಗೋಪುರದ ಒಡೆತನವಿದ್ದ ನಗರಪಾಲಿಕೆಯನ್ನೇ ಹೊಣೆ ಮಾಡಿತು. ಸುಸ್ಥಿತಿಯಲ್ಲಿರುವ ಗೋಪುರ ತಾನಾಗಿ ಬೀಳುವುದಿಲ್ಲ, ಸಂಗತಿಯೇ ಸಾಕ್ಷಿ, ಎಂಬ ತತ್ವ ಅಲ್ಲಿ ಅನ್ವಯವಾಯಿತು. ಜೊತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 'ಸೇವೆಯಲ್ಲಿನ ನ್ಯೂನತೆ' ಎಂಬ ಮಾತಿದೆ. ಕೊಂಡ ಮೊತ್ತ ಐದು ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ನಾವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು: ಹಣ ತೆತ್ತವರೇ ಆ ಕಾಯಿದೆಯ ಗ್ರಾಹಕರು. ಅಕ್ಕನ ಚೀಲದಲ್ಲಿ ಬಿಲ್ಲಿತ್ತು. ಒಳಗೆ ಹೋಗುವಾಗಲೇ ಬಿದ್ದಿದ್ದರೆ, ಏನನ್ನೂ ಕೊಳ್ಳದವಳೆಂಬ ಆಕ್ಷೇಪವನ್ನು ಎದುರಿಸಬೇಕಾಗುತ್ತಿತ್ತು. ಆಗ ಉಳಿಯುವುದು ಸಿವಿಲ್ ದಾವೆ. ಕೈಮುಗಿದು, ಪನ್ನೀರು ಚಿಮುಕಿಸಿ ಒಳಗೆ ಕರೆಯುವಾಗ ಇಲ್ಲದ ಈ ಭೇದ ಬಿದ್ದ ಮೇಲೆ ಏಕೆ ಬರಬೇಕೋ ನನಗೆ ಅರ್ಥವಾಗದು.

'ಮಾಲೀಕರು ಜವಾಬ್ದಾರರಲ್ಲ' ಎಂಬ ಫಲಕಗಳನ್ನು ನೋಡಿ ನಾವು ಹೆದರಿ ಬಾಳುತ್ತಿದ್ದೇವೆ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ನಿಲ್ಲಿಸಿದ್ದ ಕಾರು 1998ರಲ್ಲಿ ಕಳುವಾಯಿತು. ನಿಲುಗಡೆಯ ಚೀಟಿಯಲ್ಲಿ 'ಮಾಲೀಕರ ಜವಾಬ್ದಾರಿಯ ಮೇಲೆ' ಎಂದು ಅಚ್ಚಾಗಿತ್ತು. ತನ್ನದೇ ನಿರ್ಲಕ್ಷ್ಯವಿದ್ದಾಗ ಅಂತಹ ಒಕ್ಕಣೆಯ ಹಿಂದೆ ಹೋಟೆಲು ಅಡಗಲಾರದು ಎಂದು 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಅದು ಒಪ್ಪಿಸಿದ ವಸ್ತುವಿನ ಕಾನೂನು, ಬಿದ್ದವರ ಕಾನೂನಲ್ಲ ಎಂದು ನನ್ನ ವಕೀಲ ಶಿಷ್ಯರು ತಿದ್ದಬಹುದು. ಸರಿ. ಆದರೆ ಹೊರಗೆ ನಿಲ್ಲಿಸಿದ ಕಾರಿಗೆ ಇಷ್ಟು ರಕ್ಷಣೆ ಇರುವಾಗ, ಆ ಕಾರಿನಿಂದ ಇಳಿದು ಒಳಗೆ ಬಂದ ಅಜ್ಜಿಯ ತೊಡೆಮೂಳೆಗೆ ಅದಕ್ಕಿಂತ ಕಡಿಮೆ ಬೆಲೆಯೇ?

ನನ್ನ ಶಿಷ್ಯರಲ್ಲಿ ವ್ಯಾಪಾರಿಗಳಿದ್ದೀರಿ, ಕಲ್ಯಾಣಮಂಟಪ ನಡೆಸುವವರೂ ಇದ್ದೀರಿ. ಸಾರು ಚೆಲ್ಲಿದ ಊಟದ ಹಾಲಿನಲ್ಲಿ ಎರಡನೆಯ ಪಂಕ್ತಿಯವರನ್ನು ಒದ್ದೆ ಬಟ್ಟೆಯೆಳೆದ ನೆಲದ ಮೇಲೆ ಓಡಿಸುವವರು ನೀವು! ಖರ್ಚಿನ ಮಾತೆತ್ತಬೇಡಿ. ಅಂಗಡಿಗಾರರಿಗೆಂದೇ ಇರುವ ವಿಮೆಯಲ್ಲಿ ಗಾಜಿಗೊಂದು ಭಾಗ, ಮಿನುಗುವ ಫಲಕಕ್ಕೊಂದು ಭಾಗ, ಹಾಗೆಯೇ ಸಾರ್ವಜನಿಕ ಹೊಣೆಗಾರಿಕೆಗೂ ಒಂದು ಭಾಗವಿರುತ್ತದೆ. ಗಾಜಿಗೆ ಕಂತು ಕಟ್ಟಿ ಗಿರಾಕಿಯ ಭಾಗವನ್ನು ಬಿಟ್ಟಿದ್ದೀರೋ ಹೇಗೆ, ಪಾಲಿಸಿಯನ್ನು ತೆಗೆದು ಓದಿ. ಮೆಟ್ಟಿಲಿಗೆ ಕಂಬಿ ಹಾಕಿಸಿ. ನಾರಿನ ಹಾಸು ಕೆಸರಾಗಲೆಂದೇ ಇರುವುದು, ಅದನ್ನು ಮೂಲೆಗೆ ನಿಲ್ಲಿಸಬೇಡಿ.

ಬಂಧುಗಳಲ್ಲಿ ಒಂದು ಕೋರಿಕೆ. ನಮ್ಮವರು ಯಾರಾದರೂ ಹೀಗೆ ಬಿದ್ದರೆ ಎಬ್ಬಿಸಿ, ನೀರು ಕೊಟ್ಟು, ಆಸ್ಪತ್ರೆಗೆ ಕರೆದೊಯ್ಯಿರಿ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಅವರು ಆ ಮೆಟ್ಟಿಲಿನ ಫೋಟೋ ತೆಗೆಯಲಿ, ಕಂಡವರ ಹೆಸರು ಬರೆದುಕೊಳ್ಳಲಿ. ಬಿಲ್ಲನ್ನು ಎಸೆಯಬೇಡಿ. ಕ್ಯಾಮೆರಾದ ದೃಶ್ಯವನ್ನು ಅಳಿಸದೆ ಇಡಬೇಕೆಂದು ಅದೇ ವಾರ ಬರಹದಲ್ಲಿ ಕೇಳಿ ಸ್ವೀಕೃತಿ ಪಡೆಯಿರಿ. ಹೊಸ ದೃಶ್ಯ ತುಂಬಿದಂತೆ ಹಳೆಯದು ಅಳಿಯುತ್ತಾ ಹೋಗುತ್ತದೆ. ಅಕ್ಕನ ಸೊಸೆ ಇದನ್ನು ಮೂರನೆಯ ದಿನವೇ ಮಾಡಿದ್ದಳು. ಆಗ ಅವಳನ್ನು 'ಬಾಯಾಳಿ' ಎಂದವರು ಯಾರು ಯಾರೆಂಬುದು ನನಗೆ ತಿಳಿದಿದೆ. ಆ ಪತ್ರ, ಎಕ್ಸ್‌ರೇ, ರಸೀದಿಗಳೆಲ್ಲ ಮದುವೆಯ ಕರೆಯೋಲೆ ಬಂದ ದೊಡ್ಡ ಲಕೋಟೆಯಲ್ಲಿ ಭದ್ರವಾಗಿವೆ. ಮುಂದಿನ ವಿಚಾರಣೆಗೆ ಅಕ್ಕ ತಾನೇ ಬರುತ್ತೇನೆಂದಿದ್ದಾಳೆ. ಆಯೋಗದ ಕಚೇರಿಗೆ ಎಷ್ಟು ಮೆಟ್ಟಿಲಿದೆ, ಹಿಡಿದುಕೊಳ್ಳಲು ಕಂಬಿಯಿದೆಯೇ ಎಂದು ನೋಡಿಕೊಂಡು ಬರಲು ನಾನು ನಾಳೆ ಹೋಗುವವನಿದ್ದೇನೆ.