ಆಳು ಅಂದರೆ ಯಾರು?

ಹನ್ನೆರಡು ಆಳುಗಳು ಒಂದು ಗೋಡೆಯನ್ನು 8 ದಿನಗಳಲ್ಲಿ ಕಟ್ಟಿದರೆ 16 ಆಳುಗಳು ಎಷ್ಟು ದಿನಗಳಲ್ಲಿ ಕಟ್ಟುತ್ತಾರೆ? ಆರು ದಿನ ಎಂದು ಹುಡುಗರು ಥಟ್ಟನೆ ಹೇಳುತ್ತಾರೆ. ಈ ಆಳುಗಳು ಗಂಡಸರೋ ಹೆಂಗಸರೋ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದರೆ ಮಾತ್ರ ಉತ್ತರ ಅಷ್ಟು ಸಲೀಸಲ್ಲ.

ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಕಬ್ಬು ಕಡಿಯುವ ಹಂಗಾಮು ಬಂತೆಂದರೆ 'ಆಳ ಸಿಗವಲ್ರು' ಎಂಬುದೇ ಮಾತು. ಇಲ್ಲಿ ಆಳು ಎಂದರೆ ಪಗಾರಕ್ಕೆ ದುಡಿಯುವ ಕೈ. ಹಳಗನ್ನಡದ 'ಆಳ್' ಇಷ್ಟು ಇಳಿದಿರಲಿಲ್ಲ. ಮನುಷ್ಯ, ಗಂಡಸು, ಸೈನಿಕ, ಸೇವಕ ಎಲ್ಲರೂ ಅದರಲ್ಲಿದ್ದರು. ಮುಧೋಳದ ಕವಿ ರನ್ನನ ಕಾಲಕ್ಕೆ, ಅಂದರೆ ಸಾವಿರ ವರ್ಷದ ಹಿಂದೆ, ದಂಡಿನಲ್ಲಿ ಕತ್ತಿ ಹಿಡಿದವನೂ ಆಳೇ. ಚದುರಂಗದ ಕಾಲಾಳು ಇಂದಿಗೂ ಆ ಅರ್ಥವನ್ನು ಕಾಯ್ದುಕೊಂಡಿದ್ದಾನೆ. ಮಲೆಯಾಳದಲ್ಲಂತೂ 'ಆಳ್' ಎಂದರೆ ಬರೀ ವ್ಯಕ್ತಿ. ಗಂಡೂ ಆದೀತು, ಹೆಣ್ಣೂ ಆದೀತು.

ಆಳು ಅಳತೆಯೂ ಹೌದು. ಬಾವಿಯಲ್ಲಿ ಎರಡಾಳು ನೀರಿದೆ ಎಂದರೆ ಸುಮಾರು 11 ಅಡಿ. (ಬಾವಿಯ 'ಆಳ' ಮಾತ್ರ ಬೇರೆ ಶಬ್ದ. ಹಳಗನ್ನಡದಲ್ಲಿ ಅದನ್ನು ಈಗ ಬಿಟ್ಟುಹೋಗಿರುವ 'ೞ' ಅಕ್ಷರದಿಂದ ಬರೆಯುತ್ತಿದ್ದರು.) ಎರಡೂ ಕೈ ಚಾಚಿದರೆ ಆಗುವ ಒಂದು ಮಾರು ಕೂಡ ಹೆಚ್ಚುಕಡಿಮೆ ಒಂದಾಳಿನಷ್ಟೇ. ಮಕ್ಕಳು ಗೋಡೆಗೆ ನಿಂತು ಅಳೆದು ನೋಡಲಿ.

ಸೋಜಿಗವೆಂದರೆ ರಾಜ್ಯ 'ಆಳು'ವುದಕ್ಕೂ ಇದೇ ಅಕ್ಷರಗಳು. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನದಲ್ಲಿಯೇ 'ಆಳೆ', ಅಂದರೆ ಆಳುತ್ತಿರಲು, ಎಂಬ ರೂಪವಿದೆ. 1948ರವರೆಗೆ ಜಮಖಂಡಿಯನ್ನು ಪಟವರ್ಧನರು ಆಳಿದರು, ಮುಧೋಳವನ್ನು ಘೋರ್ಪಡೆಯವರು. ಅವರ ಹೊಲದಲ್ಲಿ ದುಡಿದವರೂ ಆಳುಗಳೇ!

ಇಂಥ ಶಬ್ದ ಕನ್ನಡದ ಸೊತ್ತು ಮಾತ್ರವಲ್ಲ. ಸ್ಕಾಟ್ಲೆಂಡಿನ ಹಳೆಯ ಮಾತಿನ 'ಕಾರ್ಲ್' ಎಂದರೆ ಗಂಡಸು, ಹಳ್ಳಿಗ, ಮುದುಕ. ಅದರ ಇಂಗ್ಲಿಷ್ ದಾಯಾದಿ 'ಚರ್ಲ್' ಒರಟನೆಂಬ ಬೈಗುಳಾಯಿತು. ಅದೇ ಬೇರಿನ 'ಚಾರ್ಲ್ಸ್' ಮಾತ್ರ ಅರಸರ ಹೆಸರಾಗಿ ಮೆರೆಯಿತು. ಹೆಂಗಸಿಗಿದ್ದ 'ಕಾರ್ಲಿನ್' ಎಂಬ ರೂಪ ಮುದುಕಿಗೂ ಮಾಟಗಾತಿಗೂ ಅಂಟಿಕೊಂಡಿತು. ಅಲ್ಲಿಯೂ ಹೆಂಗಸಿನ ಪಾಲಿಗೆ ಬಂದದ್ದು ಅಷ್ಟೇ.

ಕನ್ನಡದ ಆಳು ಹೆಣ್ಣನ್ನು ಒಳಗೆ ಸೇರಿಸಿಕೊಂಡಿತು ನಿಜ, ಆದರೆ 'ಹೆಣ್ಣಾಳು' ಎಂದು ಬೇರೆ ಚೀಟಿ ಅಂಟಿಸಿ. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಸಮಾನ ವೇತನ ಕೊಡಬೇಕೆಂಬ ಕಾಯ್ದೆ ದೇಶದಲ್ಲಿ ಬಂದದ್ದು 1976ರಲ್ಲಿ. ಸಂಜೆ ಹೊಲದ ಬದುವಿನ ಮೇಲೆ ಪಗಾರ ಎಣಿಸುವಾಗ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ ಎಂಬುದು ಇನ್ನೂ ಹೋಗಿಲ್ಲ. ನೆರೆಯ ಮಹಾರಾಷ್ಟ್ರದ ಕಬ್ಬಿನ ಹೊಲಗಳಲ್ಲಿ ಗಂಡ-ಹೆಂಡತಿಯ ಜೋಡಿಯನ್ನೇ ಒಂದು 'ಕೊಯ್ತಾ' ಎಂದು ಎಣಿಸುತ್ತಾರೆ. ಕೊಯ್ತಾ ಅಂದರೆ ಕುಡುಗೋಲು. ಎರಡು ಜೀವ, ಲೆಕ್ಕದಲ್ಲಿ ಒಂದು ಕುಡುಗೋಲು!

ರಬಕವಿ-ಬನಹಟ್ಟಿಯ ಕೈಮಗ್ಗದ ಮನೆಯಲ್ಲಿ ಇದು ಇನ್ನೂ ಸೂಕ್ಷ್ಮ. ಮಜೂರಿ ಬರುವುದು ನೇಯ್ದ ಸೀರೆಗೆ. ಮಗ್ಗದಲ್ಲಿ ಕುಳಿತವನು ಕಣ್ಣಿಗೆ ಕಾಣುತ್ತಾನೆ. ಮೂಲೆಯಲ್ಲಿ ಕೂತು ಕಂಡಿಕೆ ಸುತ್ತಿಕೊಟ್ಟ ಹೆಂಡತಿಯನ್ನೋ ತಾಯಿಯನ್ನೋ ಯಾರೂ ಆಳೆಂದು ಎಣಿಸುವುದಿಲ್ಲ. ಒಂದು ಸೀರೆಗೆ ಎಷ್ಟು ಆಳು ಎಂಬ ಲೆಕ್ಕ ಪಠ್ಯಪುಸ್ತಕದಲ್ಲಿಲ್ಲ. ಮಕ್ಕಳು ಅದನ್ನು ಮನೆಯಲ್ಲಿಯೇ ಅವ್ವನನ್ನು ಕೇಳಿ ಬಿಡಿಸಬೇಕು.