ಮಜರೆಗೂ ಒಂದು ಪುಟ ಬೇಕೆ?

ಅಂತರಜಾಲದ ವಿಶ್ವಕೋಶವಾದ ವಿಕಿಪೀಡಿಯದಲ್ಲಿ ಎಂತಹ ಊರಿಗೆ ಪ್ರತ್ಯೇಕ ಲೇಖನವಿರಬೇಕು ಎಂಬ ಚರ್ಚೆ ಮೇಲ್ನೋಟಕ್ಕೆ ಪಟ್ಟಣಿಗರ ಕಾಲಹರಣದಂತೆ ಕಾಣಬಹುದು. ಮಲೆನಾಡಿನ ಮಟ್ಟಿಗೆ ಅದು ‘ಊರು ಎಂದರೆ ಯಾವುದು?’ ಎಂಬ ಹಳೆಯ ಪ್ರಶ್ನೆಯೇ ಆಗಿದೆ.

ಇಂಗ್ಲಿಷ್ ವಿಕಿಪೀಡಿಯದ ನಿಯಮ ಸರಳವಾದುದು. ಕಾನೂನಿನ ಮನ್ನಣೆಯುಳ್ಳ ಜನವಸತಿ ಸಾಮಾನ್ಯವಾಗಿ ಲೇಖನಕ್ಕೆ ಅರ್ಹ. ಜನರು ತೊರೆದುಹೋದರೂ ಆ ಅರ್ಹತೆ ಅಳಿಯದು. ಮನ್ನಣೆಯಿಲ್ಲದ ವಸತಿಯಾದರೆ, ನಂಬಲರ್ಹವಾದ ಸ್ವತಂತ್ರ ಪ್ರಕಟಣೆಗಳಲ್ಲಿ ಅದರ ಬಗ್ಗೆ ಸಾಕಷ್ಟು ವಿವರವಿರಬೇಕು.

ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿರುವುದರಿಂದ ಊರೂ ಕಂದಾಯ ಗ್ರಾಮವೂ ಬಹುಮಟ್ಟಿಗೆ ಒಂದೇ. ಮಲೆನಾಡಿನಲ್ಲಿ ನೀರಿದ್ದಲ್ಲಿ ತೋಟ, ತೋಟವಿದ್ದಲ್ಲಿ ಮನೆ. ಒಂದು ಕಂದಾಯ ಗ್ರಾಮದೊಳಗೆ ಹಲವು ಮಜರೆಗಳು ಹರಡಿಕೊಂಡಿರುತ್ತವೆ. ಜನಗಣತಿ ಎಣಿಸುವುದು ಕಂದಾಯ ಗ್ರಾಮವನ್ನು. ಮಜರೆಯ ಹೆಸರು ಅದರಲ್ಲಿ ಕರಗಿಹೋಗುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ 29,340 ಗ್ರಾಮಗಳಲ್ಲಿ ಜನವಸತಿಯಿದ್ದವು 27,397. ಉಳಿದವು ಬೇಚರಾಕ್ ಗ್ರಾಮಗಳು. ಒಬ್ಬರೂ ವಾಸಿಸದ ಗ್ರಾಮಕ್ಕೆ ದಾಖಲೆಯಲ್ಲಿ ಹೆಸರಿದೆ. ತಲೆಮಾರುಗಳಿಂದ ಒಲೆ ಉರಿಯುತ್ತಿರುವ ಮಜರೆಗೆ ಇಲ್ಲ.

ಹಾಗೆಂದು ನಿಯಮವನ್ನೇ ಸಡಿಲಿಸಬೇಕೆನ್ನುವುದು ವಿವೇಕವಲ್ಲ. ಇರಾನಿನ ಜನಗಣತಿಯ ಪಟ್ಟಿಯನ್ನು ಆಧರಿಸಿ ಅಲ್ಲಿನ ಸಾವಿರಾರು ‘ಗ್ರಾಮ’ಗಳಿಗೆ ಲೇಖನಗಳು ಸೃಷ್ಟಿಯಾದವು. ಅವುಗಳಲ್ಲಿ ಅನೇಕವು ಬರಿಯ ಬಾವಿ, ಪಂಪು, ಹೊಲಮನೆಗಳೆಂದು ಬಳಿಕ ತಿಳಿದುಬಂತು. ಹೆಸರು ಮತ್ತು ತಲೆಎಣಿಕೆಯಷ್ಟೇ ಇರುವ ಪುಟದಿಂದ ಊರಿಗೆ ಗೌರವವೂ ಇಲ್ಲ, ಓದುಗನಿಗೆ ಜ್ಞಾನವೂ ಇಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಈ ವಿಷಯದಲ್ಲಿ ಹೆಚ್ಚು ಉದಾರವಾಗಿದೆ. ಅಳತೆಯಾಗದ, ಅಧಿಸೂಚಿತವಲ್ಲದ ಹಳೆಯ ವಸತಿಗಳನ್ನೂ ಅದು ಗ್ರಾಮವೆಂದು ಪರಿಗಣಿಸುತ್ತದೆ. ಅದರ ನಿಯಮಗಳು ಹಿರಿಯರ ಹೇಳಿಕೆಯನ್ನು, ಬರಹಕ್ಕಿಳಿಸಿದರೆ, ಸಾಕ್ಷ್ಯವೆಂದು ಒಪ್ಪುತ್ತವೆ. ವಿಶ್ವಕೋಶ ಅದನ್ನು ನೇರವಾಗಿ ಒಪ್ಪಲಾರದು. ದೂರದ ಓದುಗನೂ ಪರಿಶೀಲಿಸಬಲ್ಲ ಮುದ್ರಿತ ಆಧಾರ ಅದಕ್ಕೆ ಬೇಕು.

ಆದುದರಿಂದ ಮೊದಲು ಆಗಬೇಕಾದುದು ದಾಖಲಾತಿಯ ಕೆಲಸ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು, ಊರಿನ ಹೆಸರಿನೊಡನೆ ದೊರೆಯುತ್ತವೆ. ಗ್ಯಾಸೆಟಿಯರ್‌ಗಳೂ ಸರ್ವೆ ನಕಾಶೆಗಳೂ ಇವೆ. ವಿದ್ಯಾರ್ಥಿಗಳು ಇವುಗಳಲ್ಲಿ ತಮ್ಮ ಮಜರೆಯನ್ನು ಹುಡುಕಲಿ. ಆಧಾರ ಅಲ್ಪವಾಗಿದ್ದರೆ ಕಂದಾಯ ಗ್ರಾಮದ ಲೇಖನದಲ್ಲೇ ಮಜರೆಗೊಂದು ಭಾಗವಿರಲಿ. ಆಧಾರ ಬೆಳೆದಂತೆ ಪ್ರತ್ಯೇಕ ಪುಟವಾಗಲಿ. ಹಳ್ಳ, ಕಾನು, ಕೆರೆ, ದೇವರಬನಗಳ ಹೆಸರುಗಳನ್ನು ಬಲ್ಲ ಹಿರಿಯರ ಮಾತನ್ನು ಸ್ಥಳೀಯ ಚರಿತ್ರೆಯಾಗಿ ಬರೆದು, ತಜ್ಞರಿಂದ ಪರಿಶೀಲಿಸಿ, ಮುದ್ರಿಸುವ ಹೊಣೆಯನ್ನು ಕಾಲೇಜುಗಳು ಹೊರಬೇಕು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಊರುಗಳು ನೀರಿನಡಿ ಸೇರಿದವು. ಪಟ್ಟಿಯಲ್ಲಿದ್ದ ಊರು ಮುಳುಗಿದರೂ ಕಾಗದದಲ್ಲಿ ಉಳಿಯುತ್ತದೆ. ಪಟ್ಟಿಯಲ್ಲೇ ಇಲ್ಲದ ಮಜರೆಗೆ ಹಿರಿಯರ ನೆನಪೊಂದೇ ಆಸರೆ. ಅದನ್ನು ಬರೆದಿಡುವ ಕೆಲಸ ಅವರಿರುವಾಗಲೇ ಆಗಬೇಕು.